ಲಾಲ್‌ಬಾಗಿನಿಂದ ಹಿತ್ತಿಲಿಗೆ

ವರ್ಷಕ್ಕೆ ಎರಡು ಬಾರಿ, ಗಣರಾಜ್ಯೋತ್ಸವದ ಸಮಯದಲ್ಲೊಮ್ಮೆ, ಸ್ವಾತಂತ್ರ್ಯೋತ್ಸವದ ಸಮಯದಲ್ಲೊಮ್ಮೆ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಆ ದಿನಗಳಲ್ಲಿ ಊರಿಗೆ ಊರೇ ತೋಟಕ್ಕೆ ನಡೆದು ಬಂದಿತೋ ಎನ್ನುವಂತೆ ಜನ ನೆರೆಯುತ್ತಾರೆ. ಗಾಜಿನ ಮನೆಯೊಳಗಿನ ಹೂವಿನ ರಾಶಿಯನ್ನು ಕಂಡು ಮಕ್ಕಳು ಬೆರಗಾಗುತ್ತಾರೆ, ದೊಡ್ಡವರೂ ಮಕ್ಕಳಾಗುತ್ತಾರೆ. ಆದರೆ ಸಂಜೆಯ ಹೊತ್ತಿಗೆ ತೋಟದ ಹೊರಬಾಗಿಲ ಬಳಿ ನಿಂತು ನೋಡಿದರೆ ಇನ್ನೊಂದು ನೋಟ ಕಾಣುತ್ತದೆ. ಮನೆಗೆ ಮರಳುವವರ ಕೈಯಲ್ಲಿ ಒಂದೊಂದು ಸಸಿ. ಒಬ್ಬರ ತೋಳಿನಲ್ಲಿ ಗುಲಾಬಿ, ಇನ್ನೊಬ್ಬರ ಚೀಲದಲ್ಲಿ ಡೇಲಿಯಾ, ಸ್ಕೂಟರಿನ ಮುಂದೆ ನಿಂತ ಹುಡುಗನ ಎದೆಗೆ ಆನಿಸಿಕೊಂಡ ಕ್ರೋಟನ್. ಎಲ್ಲರ ಮುಖದಲ್ಲಿಯೂ ನಾಳೆಯಿಂದಲೇ ಮನೆಯ ಮುಂದೆ ಒಂದು ಪುಟ್ಟ ಲಾಲ್‌ಬಾಗು ಅರಳುವುದೆಂಬ ಭರವಸೆ.

ಈ ಸಸಿಗಳಲ್ಲಿ ಮುಂದಿನ ಪ್ರದರ್ಶನದವರೆಗೆ ಎಷ್ಟು ಬದುಕಿ ಉಳಿಯುತ್ತವೆ? ಲೆಕ್ಕ ಇಟ್ಟವರಿಲ್ಲ. ಆದರೆ ಬಡಾವಣೆಗಳ ತಾರಸಿಯ ಮೂಲೆಗಳಲ್ಲಿ ಒಂದರೊಳಗೊಂದು ಸೇರಿಸಿಟ್ಟ ಬರಿಯ ಕುಂಡಗಳು ಈ ಪ್ರಶ್ನೆಗೆ ಮೌನವಾಗಿಯೇ ಉತ್ತರ ಹೇಳುತ್ತವೆ.

ಒಂದು ಮನೆಯ ಕತೆ

ಜಯನಗರದ ಒಂದು ಮನೆಯಲ್ಲಿಯೂ ಹೀಗೆಯೇ ಆಯಿತು. ಮನೆಯ ಯಜಮಾನರು ಬ್ಯಾಂಕೊಂದರಲ್ಲಿ ಅಧಿಕಾರಿ. ಮನೆಯ ಹಿಂದೆ, ಉತ್ತರ ದಿಕ್ಕಿಗೆ, 12 ಅಡಿ ಉದ್ದ 8 ಅಡಿ ಅಗಲದ ನೆಲ ಖಾಲಿ ಬಿದ್ದಿತ್ತು. ಅದರ ಒಂದು ಮೂಲೆಯಲ್ಲಿ ನಲ್ಲಿ. ಅದು ಸದಾ ತೊಟ್ಟಿಕ್ಕುತ್ತಿದ್ದುದರಿಂದ ಆ ಮೂಲೆ ಎಂದೂ ಒಣಗಿದ್ದಿಲ್ಲ.

ಆ ಚಳಿಗಾಲದಲ್ಲಿ ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಿಂದ ಅವರ ತಾಯಿ ಮಗನ ಮನೆಗೆ ಬಂದಿದ್ದರು. ಹಿಂದಿನ ಮಳೆಗಾಲದಲ್ಲಿ ಪತಿ ತೀರಿಕೊಂಡಿದ್ದರು. ನೋಡಿಕೊಳ್ಳುವವರಿಲ್ಲದೆ ಮನೆ, ಹಿತ್ತಿಲು ಎರಡೂ ಮಾರಾಟವಾಗಿದ್ದವು. ಐವತ್ತು ವರ್ಷ ಬೆಳಗಾದರೆ ಹಿತ್ತಿಲಿಗೆ ಹೋಗಿ ಬುಟ್ಟಿ ತುಂಬ ಸೊಪ್ಪು ಕೊಯ್ದು ತಂದು ಒಲೆ ಹೊತ್ತಿಸಿದ ಹೆಂಗಸು ಈಗ ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ವಾರಕ್ಕೊಮ್ಮೆ, "ಊರಿಗೆ ಯಾವಾಗ ಹೋಗುವುದು?" ಎಂದು ಕೇಳುವರು. ಊರಿನಲ್ಲಿ ಈಗ ಮನೆಯಿಲ್ಲವೆಂಬುದು ನೆನಪಾಗಿ ತಾವೇ ಸುಮ್ಮನಾಗುವರು. ಆ ಮೌನ ಮಗನಿಗೂ ಸೊಸೆಗೂ ಪ್ರಶ್ನೆಗಿಂತ ಕಷ್ಟವಾಗಿತ್ತು.

ಕಣ್ಣಿಗೆ ಸ್ವಲ್ಪ ಹಸಿರು ಬಿದ್ದರೆ ತಾಯಿಯ ಮನಸ್ಸು ಹಗುರಾದೀತೆಂದು ಮಗ ಜನವರಿಯ ಪ್ರದರ್ಶನದಿಂದ ಹನ್ನೆರಡು ಸಸಿಗಳನ್ನು ತಂದರು. ಒಂದು ಭಾನುವಾರ ಮಧ್ಯಾಹ್ನದೊಳಗೆ ಎಲ್ಲವನ್ನೂ ನೆಟ್ಟೂ ಆಯಿತು. ದಿನಕ್ಕೆರಡು ಬಾರಿ, ಮರೆಯದೆ, ಬಿಂದಿಗೆಗಟ್ಟಲೆ ನೀರು ಹಾಕಿದರು. ಯುಗಾದಿಯ ವೇಳೆಗೆ ಹನ್ನೆರಡರಲ್ಲಿ ಒಂಬತ್ತು ಸತ್ತಿದ್ದವು. ನಲ್ಲಿಯ ಮೂಲೆಯ ಗುಲಾಬಿಗಳು ಬುಡದಲ್ಲಿ ಕೊಳೆತಿದ್ದವು; ಉಳಿದವು ಬಿಸಿಲಿಗೆ ಸುಟ್ಟು ಕಡ್ಡಿಯಾಗಿದ್ದವು.

ಒಣಗಿದ ಗಿಡಗಳನ್ನು ಮಗ ಕೀಳುತ್ತಿದ್ದಾಗ ತಾಯಿ ಮೊದಲ ಬಾರಿಗೆ ಹಿಂಬಾಗಿಲು ದಾಟಿ ಬಂದರು.

"ನೆಡುವ ಮುಂಚೆ ಅಗೆದು ನೋಡಿದ್ದೆಯೇನೋ?"

"ಗುಂಡಿ ತೋಡಿದ್ದೆನಲ್ಲ ಅಮ್ಮ."

"ಗುಂಡಿಯಲ್ಲ, ನೆಲ."

ಅವರೇ ಹಾರೆ ತೆಗೆದುಕೊಂಡರು. ಒಂದು ಗೇಣು ಕೆಳಗೆ ಇಟ್ಟಿಗೆಯ ಚೂರು, ಗಟ್ಟಿಯಾದ ಸಿಮೆಂಟಿನ ಹೆಂಟೆ, ತುಕ್ಕು ಹಿಡಿದ ತಂತಿ ಸಿಕ್ಕವು. ಮನೆ ಕಟ್ಟುವಾಗ ಉಳಿದ ಕಸವನ್ನೆಲ್ಲ ಅಲ್ಲಿ ಸುರಿದು, ಮೇಲೆ ಒಂದು ಪದರ ಮಣ್ಣು ಹರಡಿದ್ದರು.

"ಇದರ ಮೇಲೆ ದೇವರು ನೆಟ್ಟರೂ ಬೇರು ಇಳಿಯುವುದಿಲ್ಲ" ಎಂದರು ತಾಯಿ. ಸ್ವಲ್ಪ ತಡೆದು, "ಈ ಗಿಡಗಳನ್ನು ಎಲ್ಲಿಂದ ತಂದೆಯೋ ಆ ಜಾಗ ನನಗೆ ತೋರಿಸು" ಎಂದರು. ಊರನ್ನು ಬಿಟ್ಟು ಬೇರೊಂದು ಸ್ಥಳವನ್ನು ನೋಡಬೇಕೆಂದು ಅವರು ಕೇಳಿದ್ದು ಅದೇ ಮೊದಲು.

ಬಂಡೆ ಮತ್ತು ಮಣ್ಣು

ಏಪ್ರಿಲ್ ತಿಂಗಳ ಒಂದು ಮುಂಜಾನೆ ತಾಯಿ ಮಗ ಇಬ್ಬರೂ ಲಾಲ್‌ಬಾಗನ್ನು ಹೊಕ್ಕರು. 1760ರಲ್ಲಿ ಹೈದರ್ ಆಲಿ ಆರಂಭಿಸಿದ, ಟಿಪ್ಪು ಸುಲ್ತಾನ್ ದೂರದೇಶಗಳ ಗಿಡಬೀಜಗಳನ್ನು ತರಿಸಿ ಬೆಳೆಸಿದ ತೋಟವಿದು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಸ್ಫಟಿಕ ಅರಮನೆಯ ಮಾದರಿಯ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದಿತು. ಈಗ ತೋಟದ ವಿಸ್ತಾರ 240 ಎಕರೆ. ಆದರೆ ಹಿತ್ತಿಲು ಮಾಡುವ ಆಸೆಯಿಂದ ಬಂದವರು ಮೊದಲು ನೋಡಬೇಕಾದದ್ದು ಗಾಜಿನ ಮನೆಯನ್ನಲ್ಲ. ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು.

ಬರಿಯ ಕಣ್ಣಿಗೆ ಅದೊಂದು ಬೋಳು ಗುಡ್ಡ. ಆದರೆ ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಜಾತಿಯ ಶಿಲೆಯನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು 1916ರಲ್ಲಿ ವಿವರಿಸಿದರು. ಇಂದು ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿಕೊಂಡಿದೆ. ಬಂಡೆಯ ಮೇಲೆ ಅಲ್ಲಲ್ಲಿ ಬೂದುಬಣ್ಣದ ಕಲ್ಲುಹೂವಿನ ಮಚ್ಚೆಗಳಿವೆ. ತಗ್ಗುಗಳಲ್ಲಿ ಬೊಗಸೆಯಷ್ಟು ಮಣ್ಣು ಕೂಡಿಕೊಂಡು, ಅಷ್ಟರಲ್ಲಿಯೇ ಹುಲ್ಲು ಬೇರೂರಿದೆ. ಬಿಸಿಲು ಮಳೆಗಳಿಗೆ ಕಲ್ಲು ಬಿರಿದು, ಪಾಚಿಯೂ ಹುಲ್ಲೂ ಬೆಳೆದು ಕೊಳೆತು, ಪದರ ಪದರವಾಗಿ ಮಣ್ಣು ಹುಟ್ಟುತ್ತದೆ. ಬೆಂಗಳೂರಿನ ಕೆಂಪು ಮಣ್ಣು ಇಂತಹ ಶಿಲೆಯೇ ಸವೆದು ಆದದ್ದು.

ತಾಯಿ ಆ ಹುಲ್ಲಿನ ಬಳಿ ಕುಳಿತು ಬೊಗಸೆ ಮಣ್ಣನ್ನು ಮುಟ್ಟಿ ನೋಡಿದರು. "ಕಲ್ಲಿನ ಮೇಲೆ ಬೆಳೆದದ್ದು ನಿನ್ನ ಹಿತ್ತಿಲಲ್ಲಿ ಬೆಳೆಯದೆ ಇದ್ದೀತೆ? ಅವಸರ ಮಾಡಿದೆ, ಅಷ್ಟೆ" ಎಂದರು.

ಮನೆಯ ತೋಟ ಮಾಡುವವರು ಮೊದಲು ತಿಳಿಯಬೇಕಾದ ಮಾತು ಇದೇ. ಸಸಿಯನ್ನು ಹಣ ಕೊಟ್ಟು ಒಂದು ದಿನದಲ್ಲಿ ತರಬಹುದು. ನೆಲವನ್ನು ಒಂದು ದಿನದಲ್ಲಿ ಮಾಡಲಾಗದು. ಮಣ್ಣು ಸಿದ್ಧವಾದಲ್ಲಿ ಗಿಡಕ್ಕೆ ಹೆಚ್ಚಿನ ಉಪಚಾರ ಬೇಕಿಲ್ಲ. ಮಣ್ಣು ಸಿದ್ಧವಾಗದಿದ್ದರೆ ಎಷ್ಟು ಉಪಚಾರವೂ ಸಾಲದು.

ಕ್ಯಾಮರಾನ್, ಕ್ರುಂಬಿಗಲ್ ಮತ್ತು ಮಾಲಿ

ಬಂಡೆಯಿಂದ ಇಳಿದು ಮರಗಳ ನಡುವೆ ನಡೆದಾಗ ತಾಯಿಯ ಕಣ್ಣು ಹೂವಿನ ಮೇಲಿರಲಿಲ್ಲ, ನೆರಳಿನ ಮೇಲಿತ್ತು. ದಟ್ಟವಾದ ಮರದ ಕೆಳಗೆ ಹುಲ್ಲು ಕೂಡ ತೆಳುವಾಗಿರುವುದನ್ನು, ಬಿಸಿಲು ಬೀಳುವ ಕಡೆ ಅದು ಒತ್ತಾಗಿರುವುದನ್ನು ಅವರು ಮಗನಿಗೆ ತೋರಿಸಿದರು. ತೋಟಗಾರನಿಗೆ ನೆರಳೂ ಒಂದು ಬೇಲಿ. ಅದನ್ನು ಮೀರಿ ಬಿತ್ತಿದರೆ ಫಲವಿಲ್ಲ.

ಲಾಲ್‌ಬಾಗನ್ನು ಬೆಳೆಸಿದ ಅಧಿಕಾರಿಗಳಲ್ಲಿ ಇಬ್ಬರ ಕೆಲಸ ಮನೆಯ ತೋಟದವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಒಬ್ಬರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿದ್ದ ಜಾನ್ ಕ್ಯಾಮರಾನ್. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಅವರ ಮೂಲಕ. ಈಗ ಅದು ಇಲ್ಲಿನ ಸಾಂಬಾರಿಗೂ ಪಲ್ಯಕ್ಕೂ ಎಷ್ಟು ಒಗ್ಗಿದೆಯೆಂದರೆ, ತಮಿಳರು ಅದನ್ನು 'ಬೆಂಗಳೂರು ಕತ್ತಿರಿಕ್ಕಾಯ್' ಎಂದೇ ಕರೆಯುತ್ತಾರೆ. ಇದನ್ನು ಬೆಳೆಯಲು ಬೀಜ ಹುಡುಕಬೇಕಿಲ್ಲ. ಬಲಿತ ಕಾಯಿಯನ್ನು ಹಾಗೆಯೇ ಇಟ್ಟರೆ ತುದಿಯಿಂದ ಮೊಳಕೆ ಇಣುಕುತ್ತದೆ. ಆ ಕಾಯಿಯನ್ನೇ ನೆಟ್ಟು ಚಪ್ಪರ ಕಟ್ಟಿದರಾಯಿತು.

ಇನ್ನೊಬ್ಬರು ಜರ್ಮನಿಯ ಕ್ರುಂಬಿಗಲ್. ಡ್ರೆಸ್ಡೆನ್ ಬಳಿಯ ಊರಿನಲ್ಲಿ ಹುಟ್ಟಿ, ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿ, 1908ರಲ್ಲಿ ಬೆಂಗಳೂರಿಗೆ ಬಂದ ಅವರು 1956ರಲ್ಲಿ ಇದೇ ಊರಿನಲ್ಲಿ ಕಾಲವಾದರು. ಒಂದು ಜಾತಿಯ ಮರದ ಹೂವು ಮುಗಿಯುವ ವೇಳೆಗೆ ಇನ್ನೊಂದು ಜಾತಿ ಅರಳಬೇಕು. ಊರಿನ ಬೀದಿಗಳು ಹೂವಿಲ್ಲದೆ ಇರಬಾರದು, ಇದು ಅವರ ಕಲ್ಪನೆ. ವರ್ಷಾರಂಭದಲ್ಲಿ ಟಬೆಬುಯಾ, ಮಾರ್ಚ್ ಏಪ್ರಿಲ್‌ಗಳಲ್ಲಿ ನೀಲಿಯ ಜಕರಂದಾ, ಬೇಸಗೆ ಏರಿದಂತೆ ಕೆಂಡದಂತಹ ಗುಲ್‌ಮೊಹರ್: ಬೆಂಗಳೂರಿಗರು ತಿಂಗಳನ್ನು ಮರ ನೋಡಿಯೇ ಹೇಳಬಹುದು. ಈ ಸೂತ್ರವನ್ನು ಅಡುಗೆಮನೆಯ ಹಿತ್ತಿಲಿಗೂ ಹೊಂದಿಸಬಹುದು. ಸೊಪ್ಪಿನ ಬೀಜವನ್ನೆಲ್ಲ ಒಂದೇ ದಿನ ಬಿತ್ತಿದರೆ ಒಂದು ವಾರ ಬೀದಿಗೆಲ್ಲ ಹಂಚುವಷ್ಟು ಸೊಪ್ಪು. ಮುಂದಿನ ವಾರ ಮತ್ತೆ ಮಾರುಕಟ್ಟೆ. ಎರಡು ವಾರಕ್ಕೊಂದು ಸಾಲಿನಂತೆ ಬಿತ್ತಿದರೆ ಬಾಣಲೆ ಬರಿದಾಗದು.

ಸಸಿ ಮಾರುವ ಸ್ಥಳಕ್ಕೆ ಬಂದಾಗ ತಾಯಿಗೆ ಮಾತನಾಡಲು ಒಬ್ಬರು ಸಿಕ್ಕರು. ಸಸಿಗಳಿಗೆ ನೀರು ಚಿಮುಕಿಸುತ್ತಿದ್ದ ವಯಸ್ಸಾದ ಮಾಲಿ. ಬೆಂಗಳೂರಿನ ತಿಗಳರು ತಲೆಮಾರುಗಳಿಂದ ತೋಟಗಾರಿಕೆಗೆ ಹೆಸರಾದವರು. ಊರಿನ ಕರಗದ ಉತ್ಸವವೂ ಅವರದೇ. ಈತನೂ ಅವರಲ್ಲೊಬ್ಬ. ಮಗ ನಡೆದುದನ್ನೆಲ್ಲ ಹೇಳಿದಾಗ ಆತ ನಕ್ಕು, ಮೇಲೆ ಕಟ್ಟಿದ್ದ ಹಸಿರು ಬಲೆಯನ್ನು ತೋರಿಸಿದ.

"ಇಲ್ಲಿ ಇವು ನೆರಳಲ್ಲಿ ಬೆಳೆದ ಕೂಸುಗಳು ಸ್ವಾಮಿ. ಒಂದೇ ದಿನಕ್ಕೆ ಬಿಸಿಲಿಗೆ ಬಿಟ್ರೆ ತಡಕೊಳ್ತಾವಾ? ಒಂದು ವಾರ ಹತ್ತು ದಿನ ಬೆಳಗಿನ ಎಳೆಬಿಸಿಲು ತೋರಿಸಿ, ಆಮೇಲೆ ನೆಡಬೇಕು."

ತಾಯಿ ಒಂದು ಸಸಿಯನ್ನೆತ್ತಿ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿದರು. ಹುಳುವಿನ ಮೊಟ್ಟೆ, ಬಿಳಿಯ ಹಿಟ್ಟಿನಂತಹ ಕೀಟ ಇರುವುದು ಅಲ್ಲಿಯೇ. ಕೊಳ್ಳುವವರು ತುಂಬ ಹೂವಿರುವ ಗಿಡವನ್ನು ಆರಿಸುತ್ತಾರೆ; ತಿಳಿದವರು ಹೊಸ ಚಿಗುರಿರುವ ಗಿಡವನ್ನು ಆರಿಸುತ್ತಾರೆ. ಮಾಲಿಗೆ ಗಿರಾಕಿ ಯಾರೆಂದು ಅರ್ಥವಾಯಿತು. "ನಿಮಗೆ ನಾನು ಹೇಳೋದೇನೂ ಇಲ್ಲ ತಾಯಿ" ಎಂದ. ಆ ದಿನ ಅವರು ಒಂದೇ ಒಂದು ಕರಿಬೇವಿನ ಸಸಿಯನ್ನು ಕೊಂಡು ಮನೆಗೆ ಬಂದರು.

ರಂಗೋಲಿಯ ಗೆರೆ

ಮರುದಿನ ತಾಯಿ ಹಿತ್ತಿಲಿನಲ್ಲಿ ನೆಟ್ಟದ್ದು ಏನೂ ಇಲ್ಲ. ರಂಗೋಲಿಯ ಬಟ್ಟಲು ಹಿಡಿದು ಬೆಳಗ್ಗೆ ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಹೊರಗೆ ಬಂದು ನೆರಳಿನ ಅಂಚಿಗೆ ಗೆರೆಯೆಳೆದರು. ಸಂಜೆಯ ಹೊತ್ತಿಗೆ ನೆಲದ ಮೇಲೆ ಬಿಸಿಲಿನ ಲೆಕ್ಕವೇ ಮೂಡಿತ್ತು. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲಿ ತೃಪ್ತಿಪಡುತ್ತವೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕಿರುವುದರಿಂದ ಮನೆಯ ಉತ್ತರದ ಹಿತ್ತಿಲು ನೆರಳಿನಲ್ಲಿರುತ್ತದೆ. ಏಪ್ರಿಲ್ ಕೊನೆಯ ವೇಳೆಗೆ ಅವನು ನೆತ್ತಿಯ ಮೇಲಿರುತ್ತಾನೆ. ಸಸಿಗಳು ಮೊದಲು ಬಿಸಿಲಿಲ್ಲದೆ ಸೊರಗಿ, ಬಳಿಕ ಬಿಸಿಲು ಹೆಚ್ಚಾಗಿ ಸುಟ್ಟದ್ದೇಕೆಂದು ಮಗನಿಗೆ ಆಗ ತಿಳಿಯಿತು. ಗೆರೆಯನ್ನು ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ ಹೊಸದಾಗಿ ಎಳೆಯಬೇಕೆಂಬುದೂ ತಿಳಿಯಿತು.

ಮುಂದಿನ ಮೂರು ಭಾನುವಾರ ಕಸ ತೆಗೆಯುವುದರಲ್ಲಿ ಕಳೆದವು. ಒಂದು ಅಡಿ ಆಳಕ್ಕೆ ಅಗೆದು ಇಟ್ಟಿಗೆ ಸಿಮೆಂಟುಗಳನ್ನು ಹೊರಗೆ ಹಾಕಿದರು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಸಗಣಿಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿ, ನೀರು ನಿಲ್ಲದಂತೆ ಮಡಿಯನ್ನು ಅರ್ಧ ಅಡಿ ಎತ್ತರಿಸಿದರು. ತಾಯಿಯ ಪರೀಕ್ಷೆ ಸರಳವಾದದ್ದು: ತೇವದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಮರಳು ಹೆಚ್ಚು. ಉದುರದಿದ್ದರೆ ಜೇಡಿ ಹೆಚ್ಚು.

ಮುಂದಿನ ಗೊಬ್ಬರಕ್ಕಾಗಿ ತೂತು ಕೊರೆದ ಎರಡು ಮಣ್ಣಿನ ಗಡಿಗೆಗಳು ಸಿದ್ಧವಾದವು. ತರಕಾರಿ ಸಿಪ್ಪೆಯ ಒಂದು ಪದರ, ಅದರ ಮೇಲೆ ಒಣ ಎಲೆಯ ದಪ್ಪ ಪದರ, ಒಂದು ಹಿಡಿ ಮಣ್ಣು. ವಾರಕ್ಕೊಮ್ಮೆ ತಿರುವಿದರೆ ಎರಡು ಮೂರು ತಿಂಗಳಲ್ಲಿ ಅದು ಕಪ್ಪಾಗಿ, ಮೊದಲ ಮಳೆಯ ವಾಸನೆ ಬೀರುತ್ತದೆ. ದುರ್ವಾಸನೆ ಬಂದರೆ ತೇವ ಹೆಚ್ಚೆಂದು ಅರ್ಥ; ಇನ್ನಷ್ಟು ಒಣ ಎಲೆ ಸೇರಿಸಬೇಕು. ಬೀದಿಯ ಹೊಂಗೆಯ ಮರದಡಿಯಲ್ಲಿ ಬ್ಯಾಂಕಿನ ಅಧಿಕಾರಿಗಳು ಗೋಣಿಚೀಲಕ್ಕೆ ತರಗೆಲೆ ತುಂಬುವುದನ್ನು ನೆರೆಯವರು ಮೊದಮೊದಲು ಕುತೂಹಲದಿಂದ ನೋಡಿದರು. ಆಮೇಲೆ ತಾವೂ ಗುಡಿಸಿ ತಂದುಕೊಟ್ಟರು.

ಏನು ಬಿತ್ತುವುದು? ಸೊಸೆ ಗುಲಾಬಿಯೆಂದರು, ಮಗ ಕೋಸು ಎಂದರು. "ಈ ಮನೆಯಲ್ಲಿ ವಾರಕ್ಕೆ ಎರಡು ಸಲ ಬೇಯುವುದು ಯಾವುದೋ ಅದು ಮೊದಲು" ಎಂದರು ತಾಯಿ. ಹಾಗಾಗಿ ಮೆಂತ್ಯ, ದಂಟು, ಬಸಳೆ, ಬೆಂಡೆ ಈ ನಾಲ್ಕನ್ನೇ ಆರಿಸಿದರು. ರೋಹಿಣಿ ಮಳೆ ನೆಲವನ್ನು ಹದಮಾಡಿದ ಮೇಲೆ ಬಿತ್ತನೆಯಾಯಿತು. ರಾತ್ರಿ ನೆನೆಸಿದ ಮೆಂತ್ಯ ನಾಲ್ಕನೆಯ ದಿನ ತಲೆಯೆತ್ತಿತು. ಸಾಸಿವೆಗಿಂತ ಸಣ್ಣದಾದ ದಂಟಿನ ಬೀಜವನ್ನು ಮರಳಿನೊಡನೆ ಬೆರೆಸಿ ಚೆಲ್ಲಿದರು. ಬಸಳೆಗೆ ಬೀಜ ಬೇಕಿಲ್ಲ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ಮೂರು ನಾಲ್ಕು ಗಿಣ್ಣಿರುವ ಬಲಿತ ದಂಟನ್ನು ಆರಿಸಿ ಊರಿದರು. ನೀರಿನ ವಿಷಯದಲ್ಲಿ ತಾಯಿಯದು ಒಂದೇ ನಿಯಮ: ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಬೇಕು, ಒಣಗಿದ್ದರೆ ಮಾತ್ರ ನೀರು. ಗಡಿಯಾರ ನೋಡಿ ನೀರು ಹಾಕಬಾರದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಚರಂಡಿಗೆ ಹೋಗುವುದು ನಿಂತಿತು.

ಎಲ್ಲವೂ ಸುಗಮವಾಯಿತೆಂದಲ್ಲ. ಮೊದಲ ಸಾಲಿನ ದಂಟಿನ ಬೀಜವನ್ನು ಇರುವೆಗಳು ಮೆರವಣಿಗೆಯಲ್ಲಿ ಹೊತ್ತುಕೊಂಡು ಹೋದವು. ಎರಡನೆಯ ಸಾಲಿಗೆ ಸುತ್ತಲೂ ಸ್ವಲ್ಪ ರವೆ ಚೆಲ್ಲಿ ಅವುಗಳ ಪಾಲನ್ನು ಕೊಟ್ಟರು. ಬೆಂಡೆಯ ಚಿಗುರಿಗೆ ಸಸ್ಯಹೇನು ಮುತ್ತಿತು. ಬೇವಿನೆಣ್ಣೆಗೆ ಸ್ವಲ್ಪ ಸಾಬೂನು ಕದಡಿದ ನೀರನ್ನು ಬೆರೆಸಿ ಸಂಜೆಯ ಹೊತ್ತು ಚಿಮುಕಿಸಿದ ಮೇಲೆ ಹತೋಟಿಗೆ ಬಂದಿತು. ಮಳೆಯ ರಾತ್ರಿಗಳಲ್ಲಿ ದಪ್ಪ ಬಸವನಹುಳುಗಳು ಗೋಡೆಯಿಂದ ಇಳಿದು ಎಳೆಯ ಬಸಳೆಯನ್ನು ಮೇಯ್ದವು. ಮಗ ಟಾರ್ಚು ಹಿಡಿದು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅವನ್ನು ಆರಿಸಿ ತೆಗೆಯುವುದು ನಿತ್ಯದ ಕೆಲಸವಾಯಿತು. ಆದರೂ ಮೆಂತ್ಯ ನಾಲ್ಕನೆಯ ವಾರ ಕೊಯ್ಲಿಗೆ ಬಂದಿತು. ಜುಲೈ ಮುಗಿಯುವ ಮೊದಲೇ ಬೆಂಡೆ ಕಾಯಿ ಬಿಟ್ಟಿತು. ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಅದು ನಾರಾಗುವುದೆಂದು ಮೊಮ್ಮಗಳು ಶಾಲೆಯಿಂದ ಬಂದೊಡನೆ ಹಿತ್ತಿಲಿಗೆ ಓಡುವುದನ್ನು ಕಲಿತಳು. ಅಡುಗೆಮನೆಯ ಕಿಟಕಿಯ ಬಳಿಯ ಕುರ್ಚಿ ಬಹುಮಟ್ಟಿಗೆ ಖಾಲಿಯಾಗಿಯೇ ಇರುತ್ತಿತ್ತು.

ನಲ್ಲಿಯ ಮೂಲೆ ಮಾತ್ರ ಹಾಗೆಯೇ ಉಳಿದಿತ್ತು. ನಲ್ಲಿಯನ್ನು ಸರಿಪಡಿಸಿದರೂ ತೇವ ಆರಲಿಲ್ಲ. ಸೊಸೆ ಅಲ್ಲಿಗೆ ಕಲ್ಲು ಹಾಸಿಬಿಡೋಣವೆಂದಾಗ ತಾಯಿ, "ಇರಲಿ ಬಿಡು ಮಗಳೆ. ಅದಕ್ಕೆ ಒಗ್ಗುವುದು ಯಾವುದೋ ಒಂದಿದ್ದೇ ಇರುತ್ತದೆ" ಎಂದಿದ್ದರು.

ಒಂದೆಲಗ

ನವರಾತ್ರಿಗೆ ಶಿವಮೊಗ್ಗದಲ್ಲಿರುವ ಮಗಳಿಂದ ಕರೆ ಬಂದಿತು. ತಾಯಿ ಊರಿನ ಕಡೆಗೆ ಹೋದರೆ ಮತ್ತೆ ಮೌನ ಹೊತ್ತು ಬಂದಾರೆಂದು ಮಗನಿಗೆ ಅಳುಕು. ಅವರಾದರೋ ಹೊರಡುವ ಹಿಂದಿನ ರಾತ್ರಿ ಪಂಚಾಂಗದ ಹಿಂಬದಿಯಲ್ಲಿ ಯಾವ ಸಾಲನ್ನು ಯಾವಾಗ ಕೊಯ್ಯಬೇಕು, ಯಾವುದನ್ನು ಬಿತ್ತಬೇಕು ಎಂದು ಬರೆದಿಟ್ಟು, "ಹದಿನೈದು ದಿನ. ಬರುವ ಟಿಕೇಟನ್ನೂ ಈಗಲೇ ತೆಗೆದುಬಿಡು" ಎಂದರು.

ಹೇಳಿದ ದಿನಕ್ಕೆ ಸರಿಯಾಗಿ ಹಿಂದಿರುಗಿದರು. ಚೀಲದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಮಗಳೊಡನೆ ಹಳೆಯ ಮನೆಯನ್ನು ನೋಡಲು ಹೋಗಿದ್ದರು. ಕೊಂಡವರು ಒಳ್ಳೆಯವರು, ಒಳಗೆ ಕರೆದು ಕೂಡಿಸಿ ಕಾಫಿ ಕೊಟ್ಟರು. ಹಿತ್ತಿಲಿನ ಬಾವಿಕಟ್ಟೆಯ ಬಳಿ ತಾವು ಹಬ್ಬಿಸಿದ್ದ ಒಂದೆಲಗ ಇನ್ನೂ ಇತ್ತು. ಕೇಳಿದ್ದಕ್ಕೆ, "ಅದು ನಿಮ್ಮದೇ ಅಲ್ಲವೇ ಅಮ್ಮ" ಎಂದು ಬೇರಿನ ಮಣ್ಣು ಸಮೇತ ಕಿತ್ತುಕೊಟ್ಟರು.

ಮಲೆನಾಡಿನ ಮನೆಗಳಲ್ಲಿ ತಂಬುಳಿಗೆ ಬೇಕಾದ ಈ ಪುಟ್ಟ ಸೊಪ್ಪಿಗೆ ಹೆಚ್ಚು ಬಿಸಿಲು ಬೇಕಿಲ್ಲ; ಬೇಕಾದದ್ದು ಸದಾ ತೇವವಾಗಿರುವ ನೆಲ. ನೆಲದ ಮೇಲೆಯೇ ಬಳ್ಳಿ ಹರಿದು, ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಹಬ್ಬುತ್ತದೆ. ತಾಯಿ ಕೈಕಾಲು ತೊಳೆಯುವ ಮೊದಲೇ ನೇರವಾಗಿ ಹಿತ್ತಿಲಿಗೆ ಹೋಗಿ ನಲ್ಲಿಯ ಮೂಲೆಯಲ್ಲಿ ಕುಳಿತರು. ಊರಿನ ಮಣ್ಣನ್ನು ಉದುರಿಸದೆ ಹಾಗೆಯೇ ಈ ಮಣ್ಣಿಗೆ ಸೇರಿಸಿ, ಎಳೆಗಳನ್ನು ಒಂದೊಂದಾಗಿ ಊರಿದರು. ಜನವರಿಯಲ್ಲಿ ಗುಲಾಬಿ ಕೊಳೆತ ಜಾಗ ಅದು. ದೀಪಾವಳಿ ಕಳೆಯುವಷ್ಟರಲ್ಲಿ ಅಲ್ಲಿ ಹಸಿರು ನಾಣ್ಯಗಳನ್ನು ಹರಡಿದಂತಾಗಿತ್ತು.

ಹಿತ್ತಿಲ ಗಿಡ ಮದ್ದಲ್ಲವೆಂಬುದು ಗಾದೆ. ಆ ಮನೆಯಲ್ಲಿ ಆ ಗಾದೆಯನ್ನು ಈಗ ಯಾರೂ ಹೇಳುವುದಿಲ್ಲ. ತಾಯಿಯೂ, "ಊರಿಗೆ ಯಾವಾಗ ಹೋಗುವುದು?" ಎಂದು ಕೇಳುವುದಿಲ್ಲ.

ಮುಂದಿನ ಜನವರಿಯ ಪ್ರದರ್ಶನಕ್ಕೆ ಮನೆಯವರೆಲ್ಲರೂ ಕೂಡಿ ಹೋದರು. ಗಾಜಿನ ಮನೆಯನ್ನು ನೋಡಿ, ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದರು. ಸಂಜೆ ಹೊರಬಾಗಿಲ ಬಳಿ ತರುಣ ದಂಪತಿಗಳಿಬ್ಬರು ಕೈತುಂಬ ಗುಲಾಬಿ ಸಸಿಗಳನ್ನು ಹೊತ್ತು ಆಟೋ ಕಾಯುತ್ತಿದ್ದರು. ತಾಯಿ ಅವರ ಬಳಿಗೆ ಹೋಗಿ, "ಮನೆಯಲ್ಲಿ ಬಿಸಿಲು ಎಲ್ಲಿಯವರೆಗೆ ಬರುತ್ತದಮ್ಮ?" ಎಂದು ಆ ಹುಡುಗಿಯನ್ನು ವಿಚಾರಿಸತೊಡಗಿದರು. ಮಗ ದೂರದಲ್ಲಿ ಬರಿಗೈಯಲ್ಲಿ ನಿಂತು ಕಾದರು. ಮನೆಗೆ ಹೋಗುವ ಅವಸರ ಅವರಿಗೂ ಇತ್ತು. ಕತ್ತಲಾಗುವ ಮೊದಲು ದಂಟಿನ ಹೊಸ ಸಾಲನ್ನು ಬಿತ್ತಬೇಕಿತ್ತು.